ಕಿಟಕಿ ಸಂದಿಯ ಚಿಂದಿ

ಹೊಲಿಗೆಯವಳಿಗೆ ಚಳಿಗಾಲವೆಂದರೆ ಕಿಟಕಿಗೂ ಹೊಲಿಯುವ ಕಾಲ. ಗಿರಾಕಿಗಳ ಪ್ಯಾಂಟು ಮೊಟಕು ಮಾಡಿ ಉಳಿದ ಚೂರುಗಳನ್ನು ಬತ್ತಿಯ ಹಾಗೆ ಸುತ್ತಿ, ಮೇಲೊಂದು ಹೊಲಿಗೆ ಹಾಕಿ, ಚೌಕಟ್ಟಿನ ಸಂದಿಗಳಿಗೆ ತುರುಕುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಎರಡು ಕೋಣೆಗಳಲ್ಲಿ ಉಳಿದದ್ದು ಅವಳು, ಅವಳ ಅತ್ತೆ, ಅತ್ತೆಯ ಎದೆಯೊಳಗಿನ ಗೊರಗೊರ. ಹೀಟರ್ ಇತ್ತು. ಬಿಲ್ಲು ನೋಡಿದರೇ ಬೆವರು ಬರುತ್ತದೆ, ಅದನ್ನು ಬೇರೆ ಯಾಕೆ ಹಚ್ಚಬೇಕೆಂದು ಅತ್ತೆಯೇ ಮೂಲೆಗೆ ತಳ್ಳಿಸಿದ್ದಳು.

ಬಡವರ ಮನೆಗೆ ಸರ್ಕಾರವೇ ಹೊಸ ಕಿಟಕಿ ಹಾಕಿಸಿ, ಗೋಡೆಗೆ ಚಳಿ ತಡೆಯುವ ಹೊದಿಕೆ ಕೊಡುತ್ತದೆಂದು ತಿಳಿದು ಅವಳು ಅರ್ಜಿ ಹಾಕಿದ್ದಳು. ಎರಡು ಚಳಿಗಾಲ ಕಳೆದ ಮೇಲೆ, ಮನೆ ನೋಡಲು ಬರುತ್ತೇವೆಂದು ಫೋನು ಬಂತು. ಬರುವವರು ಯಾರೇ ಆಗಲಿ, ಮನೆ ಮನೆಯ ಹಾಗೆ ಕಾಣಬೇಕಲ್ಲ. ನೆಲ ಒರೆಸಿದಳು. ತೇವದ ಕಲೆಗೆ ಸುಣ್ಣ ಬಳಿದಳು. ಸಡಿಲವಾಗಿದ್ದ ಚಿಂದಿಗಳನ್ನು ತೆಗೆದು ಹೊಸವನ್ನು ಒತ್ತಿ ಒತ್ತಿ ತುಂಬಿದಳು. ಬೆಳಗಿನಿಂದಲೇ ಹೀಟರನ್ನೂ ಹಚ್ಚಿಟ್ಟಳು.

ಬಂದವನು ಹೊಗೆ ಬಿಡುವ ತೆಳ್ಳನೆಯ ಕಡ್ಡಿಯೊಂದನ್ನು ಹಚ್ಚಿ ಕಿಟಕಿಗೆ ಹಿಡಿದ.

"ಈ ಚಳೀಲಿ ಸೊಳ್ಳೆ ಎಲ್ಲಿ ಕಂಡ್ಯಪ್ಪಾ?" ಅತ್ತೆ ಮಂಚದಿಂದಲೇ ಕೇಳಿದಳು.

"ಸೊಳ್ಳೆಗಲ್ಲ ಅಜ್ಜಿ, ಗಾಳಿ ಎಲ್ಲಿಂದ ನುಗ್ಗುತ್ತೆ ಅಂತ ನೋಡೋಕೆ."

ಹೊಗೆ ಅಲುಗದೆ ನೆಟ್ಟಗೆ ಮೇಲೇರಿತು.

"ನಿಮ್ಮನೆ ಬೆಚ್ಚಗೇ ಇದೆಯಲ್ಲಕ್ಕಾ. ನಿಮಗಿಂತ ಕಷ್ಟದಲ್ಲಿರೋರು ಸಾಲುಗಟ್ಟಿ ನಿಂತಿದಾರೆ," ಎನ್ನುತ್ತ ಅವನು ಚೀಲ ಮುಚ್ಚತೊಡಗಿದ.

"ಬಳಿ, ಇನ್ನೊಂದ್ಸಲ ಸುಣ್ಣ ಬಳಿ," ಎಂದಳು ಅತ್ತೆ. "ಹೆಣ್ಣು ನೋಡೋಕೆ ಬಂದಿದಾನೆ ಅಂದ್ಕೊಂಡ್ಯಾ?"

ಹೊಲಿಗೆಯವಳ ಮುಖ ಬಿಸಿಯಾಯಿತು. "ಒಂದ್ನಿಮಿಷ ಇರಣ್ಣ," ಎಂದು ಹೀಟರ್ ಆರಿಸಿ, ಕತ್ತರಿಯ ತುದಿಯಿಂದ ಒಂದು ಚಿಂದಿ ಎಳೆದಳು. ಆಮೇಲೆ ಇನ್ನೊಂದು. ಯಾರದೋ ಮದುವೆಯ ಪ್ಯಾಂಟಿನದು, ಯಾರದೋ ಶಾಲೆಯ ಲಂಗದ್ದು, ಗಂಡನ ಅಂಗಿಯದು. ಎಲ್ಲವೂ ಕಾಲ ಬಳಿ ಬಿದ್ದವು. ಅವನು ಮತ್ತೆ ಕಡ್ಡಿ ಹಚ್ಚಿ ಹಿಡಿದ. ಹೊಗೆ ತಟ್ಟನೆ ಬಾಗಿ ಕೋಣೆಯೊಳಗೆ ಹರಿಯಿತು. ಅವನು ಕಾಲರ್ ಮೇಲೆತ್ತಿಕೊಂಡ.

"ನಾಳೆ ಬೆಳಿಗ್ಗೆ ನಮ್ಮ ದೊಡ್ಡವರು ಮೆಷಿನ್ ತಗೊಂಡು ಬರ್ತಾರೆ. ಗೋಡೆ ಎಷ್ಟು ತಣ್ಣಗಾಗುತ್ತೆ ಅಂತ ಅಳೀಬೇಕು. ಅಲ್ಲೀವರೆಗೂ ಸಂದಿ ಮುಚ್ಚಬೇಡಿ ಅಕ್ಕಾ. ಹೀಟರೂ ಬೇಡ."

ಅವನು ಹೋದ ಮೇಲೆ ಅವಳು ಚಿಂದಿಗಳನ್ನು ಬಾಚಿಕೊಂಡು ನಿಂತಳು. ಅತ್ತೆಗೆ ಆಗಲೇ ಕೆಮ್ಮು ಶುರುವಾಗಿತ್ತು.

"ಬೇಡ ಅತ್ತೆ, ಮುಚ್ಚಿಬಿಡ್ತೀನಿ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷದ ಚಳೀನ ಯಾರು ತಿಂತಾರೆ, ನಿಮ್ಮಪ್ಪನಾ? ಸುಮ್ನೆ ಮಂಚ ಈಚೆಗೆ ಎಳಿ."

ಎಳೆದಳು. ಸೊಂಟ ಹಿಡಿದುಕೊಂಡಿತು. ಇದ್ದ ಎರಡು ಕಂಬಳಿಗಳನ್ನೂ ಹೊದಿಸಿದಳು, ಸಾಲಲಿಲ್ಲ. ಗೂಟದಲ್ಲಿ ತೂಗುತ್ತಿದ್ದ ಗಿರಾಕಿಗಳ ಕೋಟುಗಳನ್ನು ಒಂದೊಂದಾಗಿ ತಂದು ಮೇಲೆ ಹಾಕಿದಳು.

"ಇದು ಯಾರ್ದೇ?"

"ಬ್ಯಾಂಕಿನ ಸಾಹೇಬರದು."

"ನಾತ," ಎನ್ನುತ್ತ ಅತ್ತೆ ಅದನ್ನೇ ಗಲ್ಲದವರೆಗೆ ಎಳೆದುಕೊಂಡಳು.