ಕೌದಿಯ ಹೊಟ್ಟೆಯಲ್ಲಿ ಒಂದು ಕೀಲಿಕೈ

ಭೋಜ ಗ್ರಾಮದ ಸತ್ತೆಪ್ಪನ ಮಗಳು ನೀಲಮ ವಿಶ್ವವಿದ್ಯಾಲಯದಲ್ಲಿ ಕಲಾ ಚಿಕಿತ್ಸೆ ಓದುತ್ತಾಳೆ ಎಂದರೆ ಊರಿನಲ್ಲಿ ಯಾರಿಗೂ ತಲೆಬುಡ ತಿಳಿಯುತ್ತಿರಲಿಲ್ಲ. ಬಿ.ಎಡ್. ಗೊತ್ತು, ನರ್ಸಿಂಗ್ ಗೊತ್ತು, ಇದೇನು? ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುವ ಕೆಲಸವಿಲ್ಲದ ಪಂಡಿತರು ತಾವೇ ಒಂದು ಹೆಸರಿಟ್ಟರು: ಬಣ್ಣ ಹಚ್ಚಿ ಹುಚ್ಚು ಬಿಡಿಸುವ ಕೋರ್ಸು. ದಿನಾ ಸಂಜೆ ಆಕೆ ನಿಪ್ಪಾಣಿ ಬಸ್ಸಿನಿಂದ ಇಳಿದ ಕೂಡಲೇ ಒಬ್ಬ ಶುರುಮಾಡುವನು. "ಡಾಕ್ಟರಬಾಯಿ ಬಂದ್ರಪಾ! ನಮ್ಮ ತಲಿಗೂ ಒಂದ ಕೋಟ ಬಣ್ಣಾ ಹೊಡೀರಿ."

"ನಿಮ್ಮ ತಲಿಗೆ ಸುಣ್ಣ ಸಾಕ್ರಿ," ಎಂದು ನೀಲಮ ನಿಲ್ಲದೆ ನಡೆದುಬಿಡುವಳು.

ಹೀಗೆ ಮಾತಿಗೆ ಮಾತು ಕೊಡುವ ಹುಡುಗಿ ಮೊದಲ ವರ್ಷ ಕಲಿತದ್ದರಲ್ಲಿ ಅರ್ಧ ಬಾಯಿ ಮುಚ್ಚಿಕೊಂಡಿರುವ ವಿದ್ಯೆ. ಯಾರಾದರೂ ಚಿತ್ರ ಬಿಡಿಸಿದರೆ ಚೆನ್ನಾಗಿದೆ ಅನ್ನಬಾರದು. ಇದು ಮರವೋ ಮನೆಯೋ ಎಂದು ಕೇಳಬಾರದು. "ಇದರ ಬಗ್ಗೆ ಹೇಳ್ರಿ" ಎಂದು ಸುಮ್ಮನೆ ಕೂತು ಕೇಳಬೇಕು. ಇದೆಲ್ಲ ಕಲಿಸಿದವರು ಮನಿಷಾ ಮೇಡಂ. ಅವರು ಪ್ರತಿ ವಾರ ತರಗತಿಯ ಬಾಗಿಲು ಹಾಕಿ, ಹದಿನೆಂಟು ವಿದ್ಯಾರ್ಥಿಗಳ ಮುಂದೆ ನಿಂತು ಒಂದೇ ಮಾತು ಹೇಳುತ್ತಿದ್ದರು: "ಈ ಕೋಣೆಯಲ್ಲಿ ಬಿಡಿಸಿದ್ದು, ಆಡಿದ್ದು, ಅತ್ತದ್ದು ಈ ಕೋಣೆಯಲ್ಲೇ ಇರಬೇಕು. ಆಗದವರು ಬೇರೆ ಕೋರ್ಸ್ ನೋಡ್ಕೊಳ್ಳಿ." ನೀಲಮ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಬಣ್ಣದಲ್ಲಿ ಬರೆದಿಟ್ಟುಕೊಂಡಿದ್ದಳು.

ಒಮ್ಮೆ ಮೇಡಂ ಎಲ್ಲರಿಗೂ ತಮ್ಮ ಮನೆಯ ಬಾಗಿಲು ಬಿಡಿಸಲು ಹೇಳಿದರು. ನೀಲಮ ಬಾಗಿಲಿನ ಬದಲು ಬುದ್ಧನ ಫೋಟೋ, ಅದರ ಕೆಳಗೊಂದು ಮೊಳೆ, ಮೊಳೆಗೆ ತೂಗುವ ಕೀಲಿಕೈ ಬಿಡಿಸಿದಳು. ಹೇಳು ಅಂದಾಗ ಅಪ್ಪನ ಕಥೆ ಹೇಳಿದಳು.

ಸತ್ತೆಪ್ಪ ಭೋಜದ ಮುರಗೆಪ್ಪ ಸಾವಕಾರರಲ್ಲಿ ಹನ್ನೆರಡು ವರ್ಷ ದುಡಿದಿದ್ದ. ಅವರ ಹಿತ್ತಲ ಬಾಗಿಲಿಗೆ ಎರಡು ಕೀಲಿಕೈ. ಒಂದು ಮುರಗೆಪ್ಪನ ಹೆಂಡತಿ ಗಿರಿಜವ್ವನ ಸೊಂಟದಲ್ಲಿ, ಇನ್ನೊಂದು ನಸುಕಿನಲ್ಲಿ ಬಂದು ಎಮ್ಮೆ ಹಿಂಡುವ ಸತ್ತೆಪ್ಪನ ಬಳಿ. ಎಂಟು ವರ್ಷದ ಹಿಂದೆ ಸಾವಕಾರರ ಮಗಳು ಸೀಮಾಳಿಗೆ ಆಕೆ ಒಲ್ಲದ ಗಂಡನ್ನು ನಿಶ್ಚಯ ಮಾಡಿದರು. ಆ ವಾರವೇ ಸೀಮಾ ಹಿತ್ತಲ ಬಾಗಿಲಿನಿಂದ ಹೊರಟುಹೋಗಿ ತಾನು ಮೆಚ್ಚಿದವನನ್ನು ಪುಣೆಯಲ್ಲಿ ಮದುವೆಯಾದಳು. ಬೀಗ ಮುರಿದಿರಲಿಲ್ಲ. ಗಿರಿಜವ್ವ ತನ್ನ ಕೀಲಿಕೈ ಕಳೆದುಹೋಗಿ ತಿಂಗಳಾಯಿತು ಎಂದಳು. ಉಳಿದವನು ಸತ್ತೆಪ್ಪ. ಪೊಲೀಸಿಲ್ಲ, ಪಂಚಾಯ್ತಿಯಿಲ್ಲ. "ನಾಳಿಂದ ಬರಬ್ಯಾಡ" ಎಂದರು, ಅಷ್ಟೇ. ಆಮೇಲೆ ಊರಿನಲ್ಲಿ ಯಾರೂ ಅವನ ಕೈಗೆ ಪಂಪ್‌ಸೆಟ್ ಕೋಣೆಯ ಕೀಲಿಕೈ ಕೂಡ ಕೊಡಲಿಲ್ಲ. ಅವನೂ ಹಟಮಾರಿ. ಅಂದಿನಿಂದ ತನ್ನ ಮನೆಯ ಕೀಲಿಕೈಯನ್ನೂ ಮುಟ್ಟಿದವನಲ್ಲ. ಕಬ್ಬು ಕಡಿದು ದಣಿದು ಬಂದರೂ, ಹೆಂಡತಿ ಅಕ್ಕುತಾಯಿ ಬಂದು, ಚೌಕಟ್ಟಿನ ಮೇಲಿಟ್ಟುಹೋದ ಕೀಲಿಕೈ ತೆಗೆದು ಬಾಗಿಲು ತೆರೆದು ಅದನ್ನು ಮೊಳೆಗೆ ಹಾಕುವವರೆಗೆ ಕಟ್ಟೆಯ ಮೇಲೆ ಕೂತಿರುತ್ತಾನೆ.

ಕಥೆ ಮುಗಿದಾಗ ಮೇಡಂ ಕಣ್ಣೊರೆಸಿಕೊಂಡರು. ನೀಲಮಳಿಗೆ ಮೇಡಂ ದೇವರಾದರು.

ಎರಡನೇ ವರ್ಷ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಜನರೊಂದಿಗೆ ಎಂಟು ವಾರ ಕೆಲಸ ಮಾಡಿ, ಅವರಲ್ಲಿ ಒಬ್ಬರ ಬಗ್ಗೆ ಫೈಲು ಬರೆಯಬೇಕು. ನೀಲಮ ಭಾನುವಾರ ಭೋಜದ ಅಂಗನವಾಡಿಯಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ ಹಾಳೆ, ಬಣ್ಣದ ಕಡ್ಡಿ ಹಂಚಿದಳು. ಅವರು ಬಿದ್ದು ಬಿದ್ದು ನಕ್ಕರು. ಮರುವಾರ ಹಾಳೆ ಬಿಟ್ಟು, ಹೊದೆಯಲೆಂದು ಹಳೆ ಬಟ್ಟೆ ಜೋಡಿಸಿ ಮನೆಯಲ್ಲಿ ಅರ್ಧ ಹೊಲಿದ ಕೌದಿ ತನ್ನಿ ಎಂದಳು. ಸೂಜಿ ಕೈಗೆ ಬಂದದ್ದೇ ತಡ, ಅವರ ಬಾಯಿ ತಾನಾಗಿ ಬಿಚ್ಚಿತು.

ಮೂರನೇ ವಾರ ಗಿರಿಜವ್ವ ಬಂದಳು. ಬಂದವಳು ಎಲ್ಲರಂತೆ ವಿಭಾಗದ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಗೋಡೆಗೆ ಒರಗಿ ಒಬ್ಬಳೇ ಕೂತಳು. ನೀಲಮಳಿಗೆ ಮೈಯೆಲ್ಲ ಉರಿಯಿತು. ಆದರೆ ಬಂದವರನ್ನು ಕಳಿಸಬಾರದೆಂಬುದೂ ಕಲಿತ ಪಾಠ. ಗಿರಿಜವ್ವ ಸೀಮಾಳ ಹಳೆಯ ಲಂಗ, ದುಪಟ್ಟಾಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ನಾಲ್ಕೂ ಮೂಲೆಗೆ ಬಟ್ಟೆ ಮೂರು ಸಲ ಮಡಚಿ, ಗಿಳಿಯ ಕೊಕ್ಕಿನಂತೆ ಬಾಗಿಸಿ ಹಾಕುವ ಹೊಲಿಗೆ ಅವಳದೇ. ದಾರದ ಮೇಲೆ ಹತ್ತು ಕೌದಿ ಒಣಗಿದರೂ ಗಿರಿಜವ್ವನದು ಯಾವುದೆಂದು ಊರಿನಲ್ಲಿ ಯಾರಾದರೂ ಹೇಳುತ್ತಿದ್ದರು.

ಆರನೇ ವಾರ ಎಲ್ಲರೂ ಎದ್ದುಹೋದರೂ ಗಿರಿಜವ್ವ ಏಳಲಿಲ್ಲ. ಕೌದಿಯ ಕೊನೆಯ ತುಂಡು ಮುಚ್ಚುವುದು ಬಾಕಿಯಿತ್ತು. ಕೌದಿ ಹಸಿದಿರಬಾರದೆಂದು ಅದನ್ನು ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡುವುದು ವಾಡಿಕೆ. ಗಿರಿಜವ್ವ ಸೊಂಟದಿಂದ ತೆಗೆದದ್ದು ರೊಟ್ಟಿಯಲ್ಲ, ತುಕ್ಕು ಹಿಡಿದ ಕೀಲಿಕೈ.

ನೀಲಮಳಿಗೆ ತಿಳಿದುಹೋಯಿತು. ಆದರೂ ಪಾಠದಂತೆಯೇ ಕೇಳಿದಳು. "ಇದರ ಬಗ್ಗೆ ಹೇಳ್ರಿ ಅವ್ವಾರ."

"ಏನ ಹೇಳ್ಲಿ? ಬಾಗಲಾ ತಗದಾಕಿ ನಾನ. ಮಗಳ ಕಣ್ಣೀರ ನೋಡಾಕ ಆಗಲಿಲ್ಲ, ಚಾವಿ ಹಾಕಿ ತಗದ ಕಳಿಸಿದೆ. ನಿಮ್ಮಪ್ಪನ ಮ್ಯಾಲ ಬಂತು. ಖರೇ ಹೇಳಿದ್ರ ಮನಿ ಬಿಟ್ಟ ಹೊರಗ ಹಾಕ್ತಾರಂತ ಬಾಯಿ ತಗೀಲಿಲ್ಲ. ಎಂಟ ವರ್ಷ ಆತ, ತಿಂದದ್ದ ಗಂಟಲದಾಗ ಇಳಿಯಂಗಿಲ್ಲ." ಅವಳು ನೀಲಮಳ ಮುಂಗೈ ಹಿಡಿದಳು. "ಸತ್ತೆಪ್ಪನ ಮುಂದ ನಿಂತ ಹೇಳಾಕ ಮಾರಿ ಇಲ್ಲ, ಅದಕ್ಕ ಅವನ ಮಗಳ ಮುಂದ ಹೇಳೇನಿ. ಆದ್ರ ಈ ಖೋಲಿ ಬಿಟ್ಟ ಹೊರಗ ಹೋಗಬಾರದು. ಆಣಿ ಮಾಡು."

ಎಂಥ ಜಾಣತನ ನೋಡಿ! ಭಾರ ಇಳಿಸಿದ್ದೂ ಅವಳೇ, ಬಾಯಿಗೆ ಬೀಗ ಹಾಕಿದ್ದೂ ಅವಳೇ. ಕೀಲಿಕೈ ಕಸಿದುಕೊಂಡು ಅಪ್ಪನ ಬಳಿ ಓಡಬೇಕೆಂದು ನೀಲಮಳಿಗೆ ಅನಿಸಿತು. ಆದರೆ ಕೆಂಪು ಬಣ್ಣದಲ್ಲಿ ಬರೆದ ಮಾತು ಅಡ್ಡ ಬಂತು. ಆಣೆ ಮಾಡಿದಳು. ಆ ಸಂಜೆ ಮನೆಗೆ ಬಂದರೆ ಸತ್ತೆಪ್ಪ ಎಂದಿನಂತೆ ಕಟ್ಟೆಯ ಮೇಲೆ ಕೂತು ಅಕ್ಕುತಾಯಿಯ ದಾರಿ ಕಾಯುತ್ತಿದ್ದ. ನೀಲಮ ಅವನ ಪಕ್ಕ ಕೂತಳು. ಏನೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಹೀಗೆ ಆರು ತಿಂಗಳು ಹೇಳಲಿಲ್ಲ. ಒಂದೊಂದು ದಿನ ತುತ್ತು ಬಾಯಿಗಿಡುವಾಗ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ನೀರು ಕುಡಿದು ಒಳಗೆ ತಳ್ಳುತ್ತಿದ್ದಳು.

ಹೇಳಲಿಲ್ಲ, ಆದರೆ ಬರೆದಳು. ಅವಳ ಪರವಾಗಿ ನಾನು ಎಷ್ಟು ವಾದಿಸಿದರೂ ಇದನ್ನು ಮುಚ್ಚಿಡಲಾರೆ. ಕೌದಿ ಮುಚ್ಚುವ ಮುಂಚೆ ಕೀಲಿಕೈ, ಕೌದಿಯ ಮೂಲೆ ಎರಡೂ ಕಾಣುವ ಫೋಟೋ ತೆಗೆದುಕೊಂಡಿದ್ದಳು. ಗಿರಿಜವ್ವ ಎಂಬಲ್ಲಿ ಶಾಂತಾ ಎಂದು ಹೆಸರು ಬದಲಿಸಿ, ಆ ಫೋಟೋ ಅಂಟಿಸಿ, ಉಳಿದದ್ದನ್ನು ಇದ್ದದ್ದು ಇದ್ದಂತೆ ಬರೆದು ಫೈಲು ಒಪ್ಪಿಸಿದಳು. ಒಳ್ಳೆಯ ಅಂಕದ ಆಸೆಯೂ ಇತ್ತು. ಮೇಡಂ ಎರಡು ದಿನದಲ್ಲಿ ಕರೆದರು. "ಓದಿ ಅತ್ತುಬಿಟ್ಟೆ ನೀಲಮ. ಇದು ನನ್ನ ಕಪಾಟಿನಲ್ಲೇ ಇರುತ್ತೆ, ಚಿಂತೆ ಬಿಡು."

ಆ ಆರು ತಿಂಗಳ ಕೊನೆಗೆ ವಿಭಾಗದವರು ನಿಪ್ಪಾಣಿಯ ಒಂದು ಸಭಾಭವನದಲ್ಲಿ ಪ್ರದರ್ಶನ ಇಟ್ಟರು. ಬಂದವರಿಗೆ ವಿವರಿಸಲು ವಿದ್ಯಾರ್ಥಿಗಳನ್ನು ನಿಲ್ಲಿಸಿದ್ದರು. ನೀಲಮ ಬೆಳಿಗ್ಗೆ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಎದುರಿನ ಗೋಡೆಗೆ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಗಿಳಿಕೊಕ್ಕಿನ ಮೂಲೆ, ಬಿಚ್ಚಿದ ತುಂಡು, ತುಕ್ಕಿನ ಕೀಲಿಕೈ. ಮೇಲೆ ದಪ್ಪಕ್ಷರದಲ್ಲಿ 'ಬಾಗಿಲು ತೆರೆದ ತಾಯಿ'. ಕೆಳಗೆ ತಾನೇ ಬರೆದ ಸಾಲುಗಳು, ಆಳಿನ ಮೇಲೆ ಬಂದ ಅಪವಾದದ ಸಮೇತ. ಲೇಖಕಿಯ ಹೆಸರು ಮನಿಷಾ ಮೇಡಂ ಅವರದು.

ನೀಲಮ ಓಡಿದಳು. "ಮೇಡಂ, ಅದನ್ನ ಇಳಸ್ರಿ. ಈಗಿಂದೀಗ ಇಳಸ್ರಿ."

"ಯಾಕೆ? ಹೆಸರು ಬದಲಿಸಿದೆಯಲ್ಲ. ಊರಿನ ಹೆಸರೂ ಇಲ್ಲ."

"ಹೆಸರ ಯಾರಿಗೆ ಬೇಕ್ರಿ? ಮೂಲಿ ಹೊಲಗಿ ನೋಡಿದ್ರ ನಮ್ಮೂರಾಗ ಕೂಸಿಗೂ ಗೊತ್ತಾಕ್ಕೈತಿ. ಖೋಲಿ ಒಳಗಿನ ಮಾತು ಅಂದಿದ್ರೆಲ್ರಿ ನೀವು!"

ಮೇಡಂ ಸುತ್ತ ನೋಡಿ ದನಿ ತಗ್ಗಿಸಿದರು. "ಸೀನ್ ಮಾಡಬೇಡ. ಒಪ್ಪಿಗೆ ಪತ್ರದಲ್ಲಿ ಆಕೆಯ ಹೆಬ್ಬೆಟ್ಟಿದೆ. ಶೈಕ್ಷಣಿಕ ಬಳಕೆಗೆ ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿದೆ, ಓದಿಲ್ಲವಾ? ನಿನ್ನ ಕೆಲಸಕ್ಕೆ ಇಷ್ಟು ದೊಡ್ಡ ಗೌರವ ಯಾರು ಕೊಡ್ತಾರೆ? ಹೋಗು, ಅತಿಥಿಗಳು ಬರ್ತಿದ್ದಾರೆ."

ನೀಲಮಳಿಗೆ ಆಗ ಬಂದದ್ದು ಕೋಪವೂ ಅಲ್ಲ, ಅಳುವೂ ಅಲ್ಲ. ನಂಬಿ ಕೆಟ್ಟೆ ಎಂಬ ಒಂದೇ ಅರಿವು. ತನ್ನ ಅಪ್ಪನಿಗೂ ಹೇಳದೆ ನುಂಗಿದ್ದನ್ನು ಈ ಹೆಂಗಸು ಗೋಡೆಗೆ ತೂಗಿಹಾಕಿ, ಕೆಳಗೆ ತನ್ನ ಹೆಸರು ಬರೆದುಕೊಂಡಿದ್ದಾಳೆ. ತಾನೇ ಹಗ್ಗ ಬಿಚ್ಚಲು ಗೋಡೆಯ ಕಡೆ ತಿರುಗಿದಳು. ಹೊತ್ತು ಮೀರಿತ್ತು. ಭೋಜದ ಸ್ವಸಹಾಯ ಸಂಘದ ಹೆಂಗಸರು ಟೆಂಪೋದಲ್ಲಿ ಬಂದಿಳಿದಿದ್ದರು. ಸಂಘದ ಕೋಮಲ ಫ್ಲೆಕ್ಸಿನ ಮುಂದೆ ಮೊಬೈಲ್ ಹಿಡಿದಿದ್ದಳು. "ಅಯ್ಯ, ಇದು ಗಿರಿಜಕ್ಕನ ಕೌದಿ ಅಲ್ಲನ?"

ನೀಲಮ ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಆ ಫೋಟೋ ಮನೆಮನೆಯ ಮೊಬೈಲಿಗೆ ಬಂದಿತ್ತು. ಕಟ್ಟೆಯ ಮೇಲಿನವರು ಇವತ್ತು ಡಾಕ್ಟರಬಾಯಿ ಅನ್ನಲಿಲ್ಲ. ಆಕೆ ನೇರ ಮುರಗೆಪ್ಪನ ಮನೆಗೆ ಹೋದಳು. ಮುರಗೆಪ್ಪ ಪಡಸಾಲೆಯಲ್ಲಿ ಹೆಂಡತಿಗೆ ಬೆನ್ನು ತಿರುಗಿಸಿ ಕೂತಿದ್ದ. ಗಿರಿಜವ್ವ ಕಟ್ಟೆಯ ಮೇಲೆ ಕತ್ತರಿ ಹಿಡಿದು ಕೌದಿಯ ಮೂಲೆಗಳನ್ನು ಕತ್ತರಿಸುತ್ತಿದ್ದಳು. ಮೂರು ಕೊಕ್ಕು ಆಗಲೇ ನೆಲಕ್ಕೆ ಬಿದ್ದಿದ್ದವು.

"ಸೇಡ ತೀರಿಸ್ಕೊಂಡಿ," ಎಂದಳು ತಲೆಯೆತ್ತದೆ.

"ಇಲ್ರಿ ಅವ್ವಾರ, ನಿಮ್ಮಾಣಿ, ನಾ ಯಾರಿಗೂ ಹೇಳಿಲ್ಲ. ಅಪ್ಪಗೂ ಹೇಳಿಲ್ಲ."

"ಹೇಳಿಲ್ಲಂದ್ರ ಗ್ವಾಡಿ ಮ್ಯಾಲ ಹೆಂಗ ಬಂತ? ನಾ ನಿನಗ ಹೇಳಿದ್ನಿ. ಬರೀ ಅಂದಿದ್ನೇನ?"

ಗಿರಿಜವ್ವ ನಾಲ್ಕನೇ ಮೂಲೆಯನ್ನೂ ಕತ್ತರಿಸಿದಳು.

ಮನೆಗೆ ಬಂದರೆ ಬಾಗಿಲು ತೆರೆದಿತ್ತು. ಅಕ್ಕುತಾಯಿ ಇನ್ನೂ ಬಂದಿರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ಸತ್ತೆಪ್ಪ, ಅವಳು ಚೌಕಟ್ಟಿನ ಮೇಲೆ ಬಚ್ಚಿಟ್ಟು ಹೋಗುವ ಕೀಲಿಕೈಯನ್ನು ತಾನೇ ತೆಗೆದು ಬಾಗಿಲು ತೆರೆದು ಒಳಗೆ ಕೂತಿದ್ದ. ಕೀಲಿಕೈ ಅವನ ಅಂಗೈಯಲ್ಲೇ ಇತ್ತು. ನೀಲಮಳ ಎದೆ ಹಗುರಾಯಿತು. ಎಲ್ಲ ಕೆಟ್ಟರೂ ಇದೊಂದು ಒಳ್ಳೆಯದಾಯಿತು ಎಂದುಕೊಂಡಳು.

"ಸಾವಕಾರ್ರು ಮಂದಿ ಕಳಿಸಿದ್ರು," ಎಂದ ಸತ್ತೆಪ್ಪ. "ತಪ್ಪ ಆತು, ನಾಳಿಂದ ಬಾ ಅಂದಾರ."

"ಹೋಗ್ತಿ ಏನಪಾ?"

ಅವನು ಅಂಗೈಯ ಕೀಲಿಕೈಯನ್ನು ತಿರುಗಿಸಿ ನೋಡಿದ. "ನಿನಗ ಯಾವಾಗ ಗೊತ್ತಾತ ನೀಲಾ?"

ಸುಳ್ಳು ಹೇಳಬಹುದಿತ್ತು. ಇವತ್ತೇ ಅನ್ನಬಹುದಿತ್ತು. "ಆರ ತಿಂಗಳಾತು," ಎಂದಳು.

ಸತ್ತೆಪ್ಪ ಕೀಲಿಕೈಯನ್ನು ಬುದ್ಧನ ಫೋಟೋದ ಕೆಳಗಿನ ಮೊಳೆಗೆ ಹಾಕಿ, ಟವೆಲು ಹೆಗಲಿಗೇರಿಸಿ ಕಟ್ಟೆಗೆ ನಡೆದ. ಎಂದಿನ ಜಾಗದಲ್ಲೇ ಕೂತ. ನೀಲಮ ಹೊಸ್ತಿಲಿಗೆ ಬಂದಳು. ಕೋರ್ಸಿನ ಮಾತು, ಆಣೆಯ ಮಾತು, ಎಲ್ಲ ಹೇಳಲು ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ.

"ಆ ಎಂಟ ವರ್ಷ ಹೆಂಗರ ತಡಕೊಂಡ್ನಿ ಯವ್ವಾ. ಹೊರಗಿನವ್ರ ಮಾಡಿದ್ದದು. ಈ ಆರ ತಿಂಗಳಾ ನೀ ದಿನಾ ನನ್ನ ಬಾಜೂಕ ಕುಂತ ಉಂಡಿ."