ಗಾಯರಾಣದ ನಕ್ಷೆಯಲ್ಲಿ ನಾನು ಹಾಕದ ಗುರುತು

ನನ್ನ ಅಕ್ಷರ ದುಂಡಗಿದೆ. ಶಾಲೆಯ ಮಾಸ್ತರನಾಗಿದ್ದಷ್ಟು ಕಾಲವೂ, ನಿವೃತ್ತನಾದ ಮೇಲೂ, ಊರಿನಲ್ಲಿ ಯಾರಿಗೆ ಅರ್ಜಿ ಬೇಕಾದರೂ ನನ್ನ ಮನೆಯ ಕಟ್ಟೆಗೇ ಬರುತ್ತಾರೆ. ರೇಷನ್ ಕಾರ್ಡಿನಿಂದ ಹಿಡಿದು ಟ್ರಾನ್ಸ್‌ಫಾರ್ಮರ್ ಸುಟ್ಟ ದೂರಿನವರೆಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಒಳಗೊಳಗೇ ಅದರ ಜಂಬವೂ ಇತ್ತು. ಆ ಜಂಬವೇ ಅವತ್ತು ಪಂಚಾಯಿತಿಯ ಸಭೆಯಲ್ಲಿ ನನ್ನನ್ನು ತಾಲೂಕಿನಿಂದ ಬಂದ ಸಾಹೇಬರ ಪಕ್ಕ ಕೂರಿಸಿತು.

ನಮ್ಮೂರು ಕೊಲ್ಹಾರದ ಆಸುಪಾಸಿನದು. ಕೃಷ್ಣೆಯ ಹಿನ್ನೀರು ಬಂದಾಗ ಹಳೆಯ ಊರು ಮುಳುಗಿತು, ಅದರ ಜೊತೆ ಹಳೆಯ ಸ್ಮಶಾನವೂ ಹೋಯಿತು. ಹೊಸ ಊರಿನ ಹಿಂದೆ ಗಾಯರಾಣ ಇದೆ. ದನಕರು ಮೇಯಲೆಂದು ಬಿಟ್ಟ ಸರಕಾರಿ ಜಮೀನು ಅದು. ಬರೀ ಗರಸು ಮಣ್ಣಿನ ದಿಬ್ಬ, ಅಲ್ಲೊಂದು ಇಲ್ಲೊಂದು ಜಾಲಿ. ದಿಬ್ಬದ ಮೇಲೆ ನಿಂತರೆ ಕೆಳಗೆ ಕಣ್ಣು ಹಾಯುವಷ್ಟು ದೂರ ನೀರು. ಕೆಲವು ವರ್ಷಗಳಿಂದ ಈಚೆಗೆ ಭಾನುವಾರ ಬಂತೆಂದರೆ ವಿಜಯಪುರ, ಸೊಲ್ಲಾಪುರದ ಕಡೆಯಿಂದ ಜೀಪು, ದಪ್ಪ ಗಾಲಿಯ ಬೈಕುಗಳು ಅಲ್ಲಿಗೆ ಬರತೊಡಗಿದವು. ದಿಬ್ಬ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಅದರಲ್ಲಿ ಏನು ಸುಖವೋ ನನಗಂತೂ ಇವತ್ತಿಗೂ ತಿಳಿದಿಲ್ಲ. ಆಡುಗಳು ಬೆದರಿ ದಿಕ್ಕಾಪಾಲಾಗುತ್ತಿದ್ದವು. ಊರವರು ಬೈದರು, ಜಗಳಾಡಿದರು, ಕೊನೆಗೆ ದೂರು ಕೊಟ್ಟರು. ಆ ದೂರನ್ನು ಬರೆದವನೂ ನಾನೇ. ಗಾಡಿಗಳಿಗೆ ಗೊತ್ತುಪಡಿಸಿದ ಒಂದು ದಾರಿ ಹಾಕಿಕೊಡುತ್ತೇವೆ, ಎಲ್ಲಿ ಹಾಕಬೇಕೆಂದು ಜನರನ್ನೇ ಕೇಳುತ್ತೇವೆ ಎಂದು ಸರಕಾರ ಸಭೆ ಕರೆಯಿತು.

ಆ ಗಾಯರಾಣದಲ್ಲಿ ನನ್ನ ತಂಗಿಯ ಕೂಸು ಇತ್ತು.

ಹೆಣ್ಣು ಕೂಸು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ತೀರಿಕೊಂಡಿತು. ನಮ್ಮ ಮನೆತನದಲ್ಲಿ ಇಂಥ ಕೂಸನ್ನು ಸೋದರಮಾವ ಎತ್ತಿಕೊಂಡು ಹೋಗಬೇಕು. ಹೂಳಿದ ಜಾಗದ ಮೇಲೆ ಹೆಸರಿಲ್ಲ, ಕಟ್ಟೆಯಿಲ್ಲ. ಹೆತ್ತವಳಿಗೆ ಆ ಜಾಗ ಗೊತ್ತಾಗಬಾರದು. ಗೊತ್ತಾದರೆ ಅವಳ ಜೀವ ಅಲ್ಲಿಯೇ ಸುತ್ತುತ್ತದೆ, ಮುಂದೆ ಹೊಟ್ಟೆಯಲ್ಲಿ ಮಕ್ಕಳು ನಿಲ್ಲುವುದಿಲ್ಲ ಎನ್ನುತ್ತಾರೆ. ನಾನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಒಯ್ದು ದಿಬ್ಬದ ಓರೆಯಲ್ಲಿದ್ದ ಒಂದು ಬಾರೀ ಗಿಡದ, ಅಂದರೆ ಬೋರೆಹಣ್ಣಿನ ಗಿಡದ, ಬುಡಕ್ಕೆ ಮಣ್ಣು ಮಾಡಿದೆ. ನಾಯಿ ನರಿ ಕೆದರದಂತೆ ಹಾಸುಗಲ್ಲು ಹೇರಿದೆ. ಮನೆಗೆ ಬಂದಾಗ ತಂಗಿ ಕೇಳಿದಳು, "ಎಲ್ಲೋ ಅಣ್ಣಾ?" ನಾನು ಬಾಯಿ ಬಿಡಲಿಲ್ಲ. ಆಕೆ ಮತ್ತೆ ಕೇಳಲಿಲ್ಲ. ರೀತಿ ರಿವಾಜು ಇಷ್ಟೆಲ್ಲ ಪಾಲಿಸಿದರೂ ಆಕೆಗೆ ಮುಂದೆ ಮಕ್ಕಳಾಗಲಿಲ್ಲ. ಗಂಡನೂ ತೀರಿಕೊಂಡ ಮೇಲೆ ನಾಲ್ಕು ಆಡು ಸಾಕಿಕೊಂಡು ನನ್ನ ಓಣಿಯಲ್ಲೇ ಇದ್ದಾಳೆ.

ಸಭೆಯಲ್ಲಿ ಸಾಹೇಬರು ಮೇಜಿನ ತುಂಬ ನಕ್ಷೆ ಹರಡಿ ನನ್ನ ಕೈಗೆ ಕೆಂಪು ಪೆನ್ನು ಕೊಟ್ಟರು. "ನೋಡ್ರಿ, ಗಾಡಿ ಬರಲೇಬಾರದು ಅಂತ ಕೂತ್ರ ಆಗೂದಿಲ್ಲ. ಎಲ್ಲೆಲ್ಲಿ ಬರಬಾರದು, ಅದನ್ನ ಹೇಳ್ರಿ. ಮಾಸ್ತರು ಗುರ್ತು ಹಾಕ್ತಾರ," ಎಂದರು. ಜನ ಹೇಳಿದರು, ನಾನು ಹಾಕಿದೆ. ಆಡು ಕುರಿ ನೀರು ಕುಡಿಯುವ ಹೊಂಡ. ದೇವಿಯ ಕಟ್ಟೆ. ಹೆಂಗಸರು ಬಟ್ಟೆ ಒಗೆಯಲು ಇಳಿಯುವ ಕಾಲುದಾರಿ. ಒಬ್ಬ ಮುದುಕ ದಾರಿಯನ್ನು ತನ್ನ ದಾಯಾದಿಯ ಹೊಲದ ಬದುವಿಗೆ ತಿರುಗಿಸಬೇಕೆಂದು ಹಟ ಹಿಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಸಾಹೇಬರು ಕೇಳಿದರು, "ಮಣ್ಣು ಮಾಡಿದ ಜಾಗ ಏನರ ಅದಾವೇನ್ರಿ ಅಲ್ಲಿ?"

ಹೆಂಗಸರ ಸಾಲಿನಲ್ಲಿ ಮುಂದೆಯೇ ತಂಗಿ ಕೂತಿದ್ದಳು. ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ನಾನು ಆ ಓರೆಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರೆ ಆಕೆಗೆ ಜಾಗ ತಿಳಿಯುತ್ತದೆ. ಅಷ್ಟು ವರ್ಷ ಬಾಯಿ ಕಟ್ಟಿಕೊಂಡು ಕಾದದ್ದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. "ಇಲ್ರಿ," ಎಂದೆ. ನಡಾವಳಿಯಲ್ಲಿ ನನ್ನ ದುಂಡು ಅಕ್ಷರದಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಕೆಲವು ದಿನಗಳ ಮೇಲೆ ಪಂಚಾಯಿತಿಯ ಗೋಡೆಗೆ ಹೊಸ ನಕ್ಷೆ ಅಂಟಿಸಿದರು. ಆಕ್ಷೇಪಣೆ ಇದ್ದವರು ಗಡುವಿನೊಳಗೆ ಬರೆದುಕೊಡಿ ಎಂಬ ಒಕ್ಕಣೆ ಅದರ ಕೆಳಗಿತ್ತು. ಹೊಂಡ ಉಳಿದಿತ್ತು, ಕಟ್ಟೆ ಉಳಿದಿತ್ತು. ಅವೆರಡನ್ನೂ ತಪ್ಪಿಸಲು ದಾರಿಯನ್ನು ಸುತ್ತಿಸಿ ಬಾರೀ ಗಿಡದ ಓರೆಯ ಮೇಲೇ ತಂದಿದ್ದರು. ಊರಿಗೆಲ್ಲ ಅರ್ಜಿ ಬರೆದುಕೊಟ್ಟ ನಾನು ಆ ಒಂದು ಅರ್ಜಿ ಬರೆಯಲಿಲ್ಲ. ಬಂದ ಆಕ್ಷೇಪಣೆಗಳನ್ನು ಮತ್ತೆ ಸಭೆಯಲ್ಲಿ ಓದುತ್ತಾರೆ, ಯಾರ ಕೂಸು, ಎಲ್ಲಿ ಎಂಬುದು ಊರಿಗೇ ತಿಳಿಯುತ್ತದೆ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ದಿನಾ ಆ ಗೋಡೆಯ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದೆ. ಗಡುವು ಮುಗಿಯಿತು.

ಜೆಸಿಬಿ ಬಂದು ಹೋದ ಮಾರನೆಯ ದಿನ ನಾನು ಗಾಯರಾಣಕ್ಕೆ ಹೋದೆ. ತಂಗಿ ಆಗಲೇ ಅಲ್ಲಿ ನಿಂತಿದ್ದಳು. ಆಡುಗಳು ದೂರದಲ್ಲಿ ಮೇಯುತ್ತಿದ್ದವು. ದಾರಿ ಅಗಲವಾಗಿ, ಸಪಾಟಾಗಿ, ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು ಹೊತ್ತು ಬಿದ್ದಿತ್ತು.

"ಬಾರೀ ಗಿಡಾನೂ ಕಿತ್ತಾರೋ ಅಣ್ಣಾ," ಎಂದಳು.

"ನಿನಗ ಯಾರು ಹೇಳಿದ್ರು?"

"ಯಾರು ಹೇಳಬೇಕು? ಮಳಿಗಾಲ ಮುಗಿದ ಮ್ಯಾಲ ವರ್ಷಾ ವರ್ಷಾ ನೀ ಇಲ್ಲಿ ಬಂದು ಕಲ್ಲು ಸರಿ ಮಾಡಿ ಹೋಗ್ತಿದ್ದಿ. ಆಡು ಕಾಯಾಕಿ ನಾ, ನನಗ ಕಾಣೂದಿಲ್ಲೇನು? ನೀ ಹೋದ ಮ್ಯಾಲ ಬಂದು ಕುಂದರ್ತಿದ್ದೆ."

"ಮತ್ತ ಅವತ್ತ ಸಭಾದಾಗ ಯಾಕ ಹೇಳಲಿಲ್ಲವ್ವಾ?"

"ಹಡದಾಕಿ ನಾ ಹೆಂಗ ಹೇಳ್ಲಿ? ಜಾಗಾ ಅಣ್ಣಾನ ತೋರ್ಸ್ಯಾನ ಅಂತ ನಾಳೆ ಮಂದಿ ನಿನ್ನ ಬೈತಿದ್ರು. ನೀ ಬರಿತಿ ಅಂತ ಕಾದೆ." ಆಡುಗಳ ಕಡೆ ತಿರುಗಿ, "ಗ್ವಾಡಿಗಿ ಹಚ್ಚಿದ ಮ್ಯಾಲನೂ ಕಾದೆ," ಎಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಕೆ ಬೈಯಲಿಲ್ಲ. ನಾನು ನಾಚಿಕೆಗೆಟ್ಟು ಅಲ್ಲೇ ಅತ್ತೆ.

ಒಂದು ಕಲ್ಲಾದರೂ ಇಡೋಣವೆಂದು ಇಬ್ಬರೂ ಜಾಗ ಹುಡುಕಿದೆವು. ಗಿಡವಿಲ್ಲ, ಹಾಸುಗಲ್ಲಿಲ್ಲ, ಓರೆಯೇ ಇಲ್ಲ. ಇಲ್ಲಿ ಎಂದು ನಾನು ನಿಂತೆ. "ಅಲ್ಲ, ಇನ್ನೂ ಆ ಕಡೆ," ಎಂದು ಆಕೆ ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಳು. ಅಲ್ಲೂ ಖಾತ್ರಿಯಾಗದೆ ಮತ್ತೆ ಈ ಕಡೆ ಬಂದಳು. ಆ ಜಾಗ ಬಲ್ಲವರು ಈ ಲೋಕದಲ್ಲಿ ನಾವಿಬ್ಬರೇ ಇದ್ದೆವು. ನಮಗಿಬ್ಬರಿಗೂ ಅದು ಸಿಗಲಿಲ್ಲ.