ಭಾವಮೈದುನನ ಸೈಲೆನ್ಸರ್

ಭದ್ರಾವತಿಯ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ನಿವೃತ್ತನಾಗುವವರೆಗೆ ನಾನು ಪಾಲಿಸಿದ ನಿಯಮ ಒಂದೇ: ಅಳೆಯದೆ ಯಾವುದನ್ನೂ ಒಪ್ಪಬಾರದು.

ದುರ್ಗಿಗುಡಿಯ ನನ್ನ ಭಾವಮೈದುನನಿಗೆ ಇದು ತಿಳಿಯದ್ದೇನಲ್ಲ. ಆದರೂ, ಸಕ್ರೆಬೈಲಿಗೆ ಹೋಗಿಬರಲೆಂದು ಕೇಳಿ ಪಡೆದ ನನ್ನ ಹಳೆಯ ಬೈಕಿಗೆ, ನನ್ನನ್ನು ಒಂದು ಮಾತೂ ಕೇಳದೆ, ಕಂಪನಿಯದಲ್ಲದ, ಹೊರಗೆ ಅಂಗಡಿಯಲ್ಲಿ ಸಿಗುವ ಸೈಲೆನ್ಸರ್ ಹಾಕಿಸಿ ತಂದ. ಕಂಪನಿಯ ಹಳೆಯದು ಹಿಂಬದಿ ಸೀಟಿನ ಮೇಲೆ ಗೋಣಿಚೀಲದೊಳಗಿತ್ತು.

"ಭಾವ, ಈಗ ನೋಡಿ ಪಿಕಪ್ಪು! ಗಾಡಿ ಚಿಮ್ಮತ್ತೆ."

"ಚಿಮ್ಮಿದ್ದು ಸದ್ದು. ಪಿಕಪ್ ಅಳೆದೋರು ಯಾರು?"

ಅಂದು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದ ಹನ್ನೊಂದು ಜನ ನೆಂಟರ ಎದುರಿಗೆ ಅವನು ಕೊಟ್ಟ ಉತ್ತರ ಅಕ್ಷರಶಃ ನೆನಪಿದೆ. "ಬಿಡಿ ಭಾವ, ನಿಮಗೆ ಗಾಡಿ ಒರೆಸೋಕೆ ಬರತ್ತೆ, ಓಡ್ಸೋಕಲ್ಲ." ಎಲ್ಲರೂ ನಕ್ಕರು. ನನ್ನ ಹೆಂಡತಿಯೂ.

ಆ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೇ ಮರುವಾರ ಊರಾಚೆಯ ನೇರ ರಸ್ತೆಯಲ್ಲಿ ಪರೀಕ್ಷೆ ಏರ್ಪಡಿಸಿದೆ. ಹುಣಸೆಮರದಿಂದ ಆರನೆಯ ವಿದ್ಯುತ್ ಕಂಬದವರೆಗೆ, ಒಂದೊಂದು ಸೈಲೆನ್ಸರಿಗೂ ಮೂರು ಓಟ. ಓಡಿಸುವವನು ನಾನು, ಟವೆಲ್ ಬೀಸುವವನು ಅವನು. ಸ್ಟಾಪ್‌ವಾಚ್ ಮಾತ್ರ ನನ್ನ ಹೆಂಡತಿಯ ಕೈಯಲ್ಲಿ. ನಾವಿಬ್ಬರೂ ನಂಬುವ ವ್ಯಕ್ತಿ ಅವಳೊಬ್ಬಳೇ.

ಪ್ರಾಮಾಣಿಕವಾಗಿ ಬರೆಯಬೇಕು. ಹೊಸ ಸೈಲೆನ್ಸರಿನಲ್ಲಿ ನನಗೂ ಬೈಕು ಹಾರಿದಂತೆಯೇ ಅನ್ನಿಸಿತು. ಎದೆಯವರೆಗೆ ನಡುಗಿಸುವ ಆ ಗುಡುಗನ್ನು ಮೈ ವೇಗವೆಂದೇ ನಂಬಿಬಿಡುತ್ತದೆ. ಇಳಿದು ಬಂದಾಗ ಸೋತೆನೆಂದೇ ತಿಳಿದಿದ್ದೆ.

"ನಂಗೂ ಬೇಗ ಬಂದಂಗೇ ಕಾಣ್ತು," ಎಂದು ಹೆಂಡತಿ ವಾಚನ್ನು ಮತ್ತೊಮ್ಮೆ ನೋಡಿದಳು. "ಆದ್ರೆ ಆರೂ ಸಲ ಹೆಚ್ಚುಕಮ್ಮಿ ಒಂದೇ ಕಣೋ ತಮ್ಮಾ. ಹೊಸದೇ ಒಂಚೂರು ಹಿಂದೆ."

"ಅಕ್ಕಾ, ಕಾರ್ಬುರೇಟರ್ ಜೆಟ್ ಬದಲಾಯಿಸಿಲ್ಲ, ಅದಕ್ಕೇ."

ಅದರಲ್ಲಿ ಹುರುಳಿತ್ತು. ಹೊಗೆ ಸಲೀಸಾಗಿ ಹೊರಹೋದರಷ್ಟೇ ಸಾಲದು; ಒಳಹೋಗುವ ಪೆಟ್ರೋಲನ್ನೂ ಅದಕ್ಕೆ ಹೊಂದಿಸಬೇಕು. ಹೊಂದಿಸಿದರೂ ಇಂಥ ಪುಟ್ಟ ಇಂಜಿನ್ನಿಗೆ ಸಿಗುವುದು ಚಿಟಿಕೆಯಷ್ಟೇ. ಆದರೆ ಈ ಜ್ಞಾನ ಅವನಿಗೆ ಬಂದದ್ದು ವಾಚು ನಿಂತ ಮೇಲೆ.

ಹಳೆಯ ಸೈಲೆನ್ಸರನ್ನು ನಾನೇ ಬಿಗಿಯಾಗಿ ಕೂರಿಸಿದೆ. ಆ ಮಾತು ಹಿಂದಕ್ಕೆ ಬರುತ್ತದೆಂದು ಕಾದೆ.

ಯುಗಾದಿಯ ಊಟದಲ್ಲಿ, ಅದೇ ಹನ್ನೊಂದು ಜನರ ಎದುರಿಗೆ, ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. "ನಮ್ ಭಾವ ಅವತ್ತು ಏನ್ ಓಡ್ಸಿದ್ರು ಅಂತೀರಾ ಮಾರಾಯ್ರೆ! ಎಲ್ಲಾ ಆ ಸೈಲೆನ್ಸರ್ ಮಹಿಮೆ."

ಎಲ್ಲರೂ ಮೆಚ್ಚುಗೆಯಿಂದ ನನ್ನತ್ತ ನೋಡಿದರು. ಆರು ಓಟಗಳ ಲೆಕ್ಕವಿದ್ದ ಚೀಟಿ ಜೇಬಿನಲ್ಲಿತ್ತು. ತೆಗೆಯುವಷ್ಟು ಚೈತನ್ಯ ಉಳಿದಿರಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.